ಇಲ್ಲದ ವಿಮಾನಕ್ಕೆ ಅಳತೆ ಎಲ್ಲಿಯದು?

ಪ್ರತಿಕೃತಿ ಎಂದ ಮೇಲೆ ಅದಕ್ಕೊಂದು ಮೂಲಕೃತಿ ಇರಲೇಬೇಕಷ್ಟೆ. ಮರವಿಲ್ಲದೆ ನೆರಳಿಲ್ಲ, ಧ್ವನಿಯಿಲ್ಲದೆ ಪ್ರತಿಧ್ವನಿಯಿಲ್ಲ. ಆದರೆ ಈ ನ್ಯಾಯಕ್ಕೆ ಸೊಪ್ಪು ಹಾಕದ ಒಂದು ವರ್ಗದ ಜನರು ಲೋಕದಲ್ಲಿದ್ದಾರೆ. ಅವರು ಕಟ್ಟುವುದು ವಿಮಾನಗಳ ಪುಟ್ಟ ಪ್ರತಿಕೃತಿಗಳನ್ನು. ಆದರೆ ಆ ವಿಮಾನಗಳು ಯಾವ ಕಾರ್ಖಾನೆಯಿಂದಲೂ ಹೊರಬಿದ್ದವಲ್ಲ, ಯಾವ ಆಕಾಶದಲ್ಲಿಯೂ ಹಾರಿದವಲ್ಲ. ರೆಕ್ಕೆ ಎಷ್ಟು ಉದ್ದ, ಮೂತಿ ಎಷ್ಟು ಚೂಪು, ಬಾಲದ ಮೇಲೆ ಯಾವ ಗುರುತು ಎಂಬುದನ್ನೆಲ್ಲ ಕಟ್ಟುವಾತನೇ ಗೊತ್ತುಮಾಡುತ್ತಾನೆ. ‘ಇದೇನು ಮಹಾ ಕಷ್ಟ? ತಪ್ಪು ಹಿಡಿಯುವವರೇ ಇಲ್ಲವಲ್ಲ!’ ಎಂದು ಮೇಲುನೋಟಕ್ಕೆ ಯಾರಿಗಾದರೂ ತೋರೀತು. ಕೈಹಾಕಿದವರಿಗೆ ಮಾತ್ರ ತಿಳಿಯುತ್ತದೆ, ತಪ್ಪು ಹಿಡಿಯುವವರಿಲ್ಲದಿರುವುದೇ ಇಲ್ಲಿಯ ದೊಡ್ಡ ಕಷ್ಟವೆಂಬುದು; ಅದೇ ಇಲ್ಲಿಯ ದೊಡ್ಡ ವಿನೋದವೂ ಹೌದೆಂಬುದು.

ಮೂಲವಿದ್ದವರ ಸುಖ

ಇಲ್ಲದ ವಿಮಾನದ ತೊಡಕು ಅರ್ಥವಾಗಬೇಕಾದರೆ, ಇರುವ ವಿಮಾನದ ಪ್ರತಿಕೃತಿಯನ್ನು ಕಟ್ಟುವ ಬಗೆ ಹೇಗೆಂಬುದನ್ನು ಮೊದಲು ತಿಳಿಯಬೇಕು. ಈ ಕಲೆಯಲ್ಲಿ ಬಹು ಪ್ರಸಿದ್ಧವಾದ ಪ್ರಮಾಣ ೧:೭೨. ಎಂದರೆ ಆರಡಿಗೆ ಒಂದಂಗುಲ. ಆರಡಿ ಎತ್ತರದ ವೈಮಾನಿಕನು ಹೆಬ್ಬೆರಳಿನ ಒಂದು ಗಿಣ್ಣಿನಷ್ಟಾಗುತ್ತಾನೆ. ೧೯೩೬ರಲ್ಲಿ ಬ್ರಿಟನ್ನಿನ ‘ಫ್ರಾಗ್’ ಸಂಸ್ಥೆಯವರು ‘ಪೆಂಗ್ವಿನ್’ ಎಂಬ ಹೆಸರಿನಲ್ಲಿ ಇದೇ ಪ್ರಮಾಣದ ಪ್ಲಾಸ್ಟಿಕ್ ವಿಮಾನಗಳನ್ನು ಬಿಡಿಭಾಗಗಳ ಪೆಟ್ಟಿಗೆಗಳಾಗಿ ಮಾರಾಟಕ್ಕೆ ತಂದರು. ಅಲ್ಲಿಂದೀಚೆಗೆ ಹಾರಿದ ವಿಮಾನಗಳಲ್ಲಿ ಮೇಜಿನ ಮೇಲೆ ಇಳಿಯದೆ ಉಳಿದವು ಕಡಮೆ. ಇದಕ್ಕಿಂತ ತುಸು ದೊಡ್ಡದಾದ ೧:೪೮, ಎಂದರೆ ನಾಲ್ಕಡಿಗೆ ಒಂದಂಗುಲವೆಂಬ ಇನ್ನೊಂದು ಪ್ರಮಾಣವೂ ಅಷ್ಟೇ ಜನಪ್ರಿಯವಾಗಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಆಟಕ್ಕೆ ಪ್ರಾಣಾಂತಿಕವಾದ ಗಾಂಭೀರ್ಯ ಒದಗಿತು. ೧೯೪೨ರಲ್ಲಿ ಅಮೆರಿಕದ ನೌಕಾಪಡೆಯವರು ತಮ್ಮ ದೇಶದ ಶಾಲಾ ಬಾಲಕರನ್ನು ಐದು ಲಕ್ಷ ಮರದ ವಿಮಾನಗಳನ್ನು ಕೆತ್ತಿಕೊಡುವಂತೆ ಕೇಳಿಕೊಂಡರು. ಬಾನಿನಲ್ಲಿ ಕಂಡದ್ದು ಮಿತ್ರನೋ ಶತ್ರುವೋ ಎಂಬುದನ್ನು ಕ್ಷಣಮಾತ್ರದಲ್ಲಿ ಗುರುತಿಸುವ ಅಭ್ಯಾಸ ಸೈನಿಕರಿಗೆ ಬೇಕಾಗಿತ್ತು. ೧:೭೨ರ ಮಾದರಿಯನ್ನು ೩೬ ಅಡಿ ದೂರದಿಂದ ನೋಡಿದರೆ ನಿಜವಾದ ವಿಮಾನವನ್ನು ಸುಮಾರು ಅರ್ಧ ಮೈಲಿಯಾಚೆಯಿಂದ ನೋಡಿದಂತೆಯೇ ಸರಿ. ಅಳತೆ ತಪ್ಪಿದ ಮಾದರಿಗೆ ಅಲ್ಲಿ ಸ್ಥಾನವಿರಲಿಲ್ಲ. ರೆಕ್ಕೆಯ ಓರೆಯಲ್ಲಿ ಹುಡುಗನೊಬ್ಬನು ಮಾಡಿದ ತಪ್ಪು ಸಮುದ್ರದ ಮೇಲೆ ಫಿರಂಗಿಯವನ ತಪ್ಪಾಗಿ ಬೆಳೆಯಬಹುದಾಗಿತ್ತಲ್ಲವೆ?

ಹೀಗೆ ಮೂಲವಿರುವವನಿಗೆ ನಕ್ಷೆಯುಂಟು, ಛಾಯಾಚಿತ್ರವುಂಟು, ವಸ್ತುಸಂಗ್ರಹಾಲಯದಲ್ಲಿ ವಿಮಾನವೇ ಉಂಟು. ಸಂದೇಹ ಬಂದರೆ ಹೋಗಿ ಅಳೆದು ಬಂದರಾಯಿತು. ಜಗಳವಾದರೆ ತೀರ್ಪು ಹೇಳಲು ಮೂರನೆಯವನೊಬ್ಬನಿದ್ದಾನೆ. ಇಲ್ಲದ ವಿಮಾನವನ್ನು ಕಟ್ಟುವವನಿಗಾದರೋ ವಾದಿಯೂ ತಾನೇ, ಪ್ರತಿವಾದಿಯೂ ತಾನೇ, ನ್ಯಾಯಾಧೀಶನೂ ತಾನೇ.

ಸಂಖ್ಯೆಗಳ ನಡುವೆ ಒಂದು ಬಿಡುವು

ಇಂಥ ಕಲ್ಪನೆಯ ವಿಮಾನಗಳಲ್ಲೆಲ್ಲ ಹೆಚ್ಚು ಕೀರ್ತಿ ಪಡೆದದ್ದು ‘ಎಫ್-೧೯’. ಅದರ ಹುಟ್ಟಿಗೆ ಕಾರಣವಾದದ್ದು ಒಂದು ಅಂಕಿಯ ಗೈರುಹಾಜರಿ. ಅಮೆರಿಕದ ಯುದ್ಧವಿಮಾನಗಳಿಗೆ ಕ್ರಮಸಂಖ್ಯೆ ಕೊಡುವ ಪದ್ಧತಿಯಲ್ಲಿ ೧೮ರವರೆಗೆ ಬಂದ ಎಣಿಕೆ, ೧೯ನ್ನು ಹಾರಿ, ೨೦ಕ್ಕೆ ಕಾಲಿಟ್ಟಿತು. ನಾರ್ತ್ರಾಪ್ ಸಂಸ್ಥೆಯ ವಿಮಾನವೊಂದಕ್ಕೆ ೧೯೮೨ರಲ್ಲಿ ‘ಎಫ್-೨೦’ ಎಂಬ ನಾಮಕರಣವಾಯಿತು. ಹಾಗಾದರೆ ೧೯ ಎಲ್ಲಿ ಹೋಯಿತು? ಅದೇ ಕಾಲದಲ್ಲಿ ರಾಡಾರಿನ ಕಣ್ಣಿಗೆ ಬೀಳದ ವಿಮಾನವೊಂದು ಗುಟ್ಟಾಗಿ ಸಿದ್ಧವಾಗುತ್ತಿದೆ ಎಂಬ ವದಂತಿ ಹಬ್ಬಿತ್ತು. ಜನರು ಆ ವದಂತಿಯನ್ನೂ ಈ ಖಾಲಿ ಅಂಕಿಯನ್ನೂ ಕೂಡಿಸಿದರು. ಮದುವೆಯಾಗದ ಕನ್ಯೆ, ಹೆಸರಿಲ್ಲದ ವರ, ಜೋಡಿ ಕೂಡಿಬಂತು!

ಟೆಸ್ಟರ್ಸ್ ಎಂಬ ಅಮೆರಿಕದ ಸಂಸ್ಥೆಗಾಗಿ ಪ್ರತಿಕೃತಿಗಳನ್ನು ರೂಪಿಸುತ್ತಿದ್ದ ಜಾನ್ ಆಂಡ್ರೂಸ್ ಎಂಬವರು ಈ ಅದೃಶ್ಯ ವಿಮಾನಕ್ಕೆ ದೃಶ್ಯರೂಪ ಕೊಡಲು ಹೊರಟರು. ಅವರ ಕೈಯಲ್ಲಿ ನಕ್ಷೆಯಿರಲಿಲ್ಲ. ಸರ್ಕಾರದ ಗುಟ್ಟೂ ಇರಲಿಲ್ಲ. ಯಾರಿಗೆ ಬೇಕಾದರೂ ಸಿಗುವಂಥ ಮಾಹಿತಿಗಳಿದ್ದವು. ಅವುಗಳಿಂದ ಊಹಿಸುವ ಬುದ್ಧಿಯಿತ್ತು. ಉಬ್ಬುತಗ್ಗಿನ ಮೂಲೆಗಳು ರಾಡಾರಿನ ಅಲೆಯನ್ನು ಬಂದ ದಾರಿಗೇ ಹಿಂದಿರುಗಿಸುತ್ತವೆ. ಆದುದರಿಂದ ಮೈ ನುಣುಪಾಗಿ ಬಾಗಿರಬೇಕು. ನೆಟ್ಟಗೆ ನಿಂತ ಬಾಲದ ರೆಕ್ಕೆ ಗೋಡೆಯಂತೆ ಹೊಳೆಯುತ್ತದೆ. ಆದುದರಿಂದ ಎರಡು ಬಾಲರೆಕ್ಕೆಗಳನ್ನು ಒಳಕ್ಕೆ ವಾಲಿಸಬೇಕು. ಜಗತ್ತು ಆಗಲೇ ಬಲ್ಲ ‘ಎಸ್ಆರ್-೭೧’ ಎಂಬ ಅತಿವೇಗದ ವಿಮಾನದಲ್ಲಿ ಇಂಥ ಲಕ್ಷಣಗಳು ಕಾಣಿಸಿದ್ದವು. ಹೀಗೆ ಕಾರಣದಿಂದ ಕಾರಣಕ್ಕೆ ನಡೆಯುತ್ತ, ೧:೪೮ರ ಪ್ರಮಾಣದಲ್ಲಿ, ಕಪ್ಪು ಮೈಯ, ಚಪ್ಪಟೆಯಾದ, ಸಮುದ್ರದ ತಿರಕೆ ಮೀನಿನಂಥ ಆಕಾರವೊಂದು ಮೂಡಿತು. ೧೯೮೬ರಲ್ಲಿ ಅದು ಅಂಗಡಿಗಳಿಗೆ ಬಂತು.

ಮುಂದಿನದು ಯಾರೂ ನಿರೀಕ್ಷಿಸದ ಕಥೆ. ಪೆಟ್ಟಿಗೆಗಳು ಲಕ್ಷಗಟ್ಟಲೆ ಬಿಕರಿಯಾದವು. ಪತ್ರಿಕೆಗಳು ಚಿತ್ರ ಹಾಕಿದವು. ಅಮೆರಿಕದ ಶಾಸನಸಭೆಯಲ್ಲಿಯೂ ಮಾತೆದ್ದಿತು: ಸದಸ್ಯರಿಗೇ ತೋರಿಸದ ವಸ್ತು ಮಕ್ಕಳ ಆಟಿಕೆಯ ಪೆಟ್ಟಿಗೆಯಲ್ಲಿ ದೊರೆಯುವುದು ಹೇಗೆ? ಅದೇ ವರ್ಷ ಪ್ರಕಟವಾದ ಟಾಮ್ ಕ್ಲಾನ್ಸಿಯವರ ‘ರೆಡ್ ಸ್ಟಾರ್ಮ್ ರೈಸಿಂಗ್’ ಕಾದಂಬರಿಯಲ್ಲಿಯೂ ಎಫ್-೧೯ ಹಾರಾಡಿತು. ಇಲ್ಲದ ವಿಮಾನವೊಂದಕ್ಕೆ ಇಷ್ಟು ಮರ್ಯಾದೆ ಸಂದದ್ದು ಬೇರೆಲ್ಲಿಯೂ ಇರಲಾರದು.

ಮೇಜಿನ ಮೇಲಣ ಸಂಕಟಗಳು

ಆಂಡ್ರೂಸರ ಹಿಂದೆ ಒಂದು ಕಾರ್ಖಾನೆಯೇ ಇತ್ತು. ಮನೆಯ ಮೇಜಿನ ಮುಂದೆ ಒಬ್ಬನೇ ಕುಳಿತು ತನ್ನದೇ ವಿಮಾನವನ್ನು ಕಲ್ಪಿಸುವ ಸಾಮಾನ್ಯ ಹವ್ಯಾಸಿಯ ಪಾಡು ಬೇರೆ. ಅವನ ಮೊದಲ ಶತ್ರು ಅವನ ಸ್ವಾತಂತ್ರ್ಯವೇ. ಕಾಗದದ ಮೇಲೆ ರೆಕ್ಕೆಯನ್ನು ಬರೆದು ಅಳಿಸಿ, ಅಳಿಸಿ ಬರೆದು, ಒಂದು ವಾರ ಕಳೆಯುತ್ತದೆ. ಯಾವುದೂ ತಪ್ಪಲ್ಲವಾದ್ದರಿಂದ ಯಾವುದೂ ಸರಿಯಾಗಿ ಕಾಣುವುದಿಲ್ಲ. ಕಡೆಗೆ ಅವನು ತನಗೆ ತಾನೇ ಕಟ್ಟಳೆ ಹಾಕಿಕೊಳ್ಳುತ್ತಾನೆ: ಈ ವಿಮಾನಕ್ಕೆ ಒಬ್ಬನೇ ಚಾಲಕ, ಎರಡು ಎಂಜಿನ್, ಇಳಿಯುವುದು ಚಿಕ್ಕ ಓಡುದಾರಿಯ ಮೇಲೆ. ಕಟ್ಟಳೆ ಹುಟ್ಟಿದ ಕ್ಷಣವೇ ಆಕಾರವೂ ಹುಟ್ಟಲಾರಂಭಿಸುತ್ತದೆ.

ಆಮೇಲೆ ಬರುವುದು ಅಂಕಗಣಿತ. ಕುಳಿತ ಚಾಲಕನ ತಲೆ ಪೀಠದಿಂದ ೯೦ ಸೆಂಟಿಮೀಟರ್ ಎತ್ತರದಲ್ಲಿರುತ್ತದೆ ಎಂದಿಟ್ಟುಕೊಂಡರೆ ೧:೭೨ರಲ್ಲಿ ಅದು ಒಂದೂಕಾಲು ಸೆಂಟಿಮೀಟರ್. ಚೆಂದವೆಂದು ಮೂತಿಯನ್ನು ತೆಳ್ಳಗೆ ಕೊರೆದವನಿಗೆ, ಚಾಲಕನನ್ನು ಕೂರಿಸುವಾಗ ಅವನ ಮೊಳಕಾಲಿಗೆ ಎಡೆಯಿಲ್ಲವೆಂಬುದು ಗೊತ್ತಾಗುತ್ತದೆ. ಚಕ್ರಗಳನ್ನು ರೆಕ್ಕೆಯೊಳಕ್ಕೆ ಮಡಚುವಂತೆ ಯೋಚಿಸಿದ್ದರೆ, ರೆಕ್ಕೆ ಚಕ್ರಕ್ಕಿಂತ ತೆಳುವಾಗಿದೆ. ಎಂಜಿನ್ನಿಗೆ ಗಾಳಿ ಹೋಗುವ ಬಾಯಿ ಹಿಂದಣ ಬೆಂಕಿಯ ಬಾಯಿಗೆ ಸಾಟಿಯಾಗಿಲ್ಲ. ಯಾರೂ ಪ್ರಶ್ನಿಸುವವರಿಲ್ಲ, ನಿಜ. ಆದರೆ ಉಸಿರಾಡಲಾರದ ಎಂಜಿನ್ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಅದನ್ನು ಕಾಣದಂತೆ ಇರುವುದು ಸಾಧ್ಯವಿಲ್ಲ.

ಗೆರೆಗಳ ಕಥೆ ಇನ್ನೂ ಸೂಕ್ಷ್ಮವಾದದ್ದು. ವಿಮಾನದ ಮೈಮೇಲೆ ತಗಡುಗಳು ಕೂಡುವ ಕಡೆ ಗೀರು ಎಳೆಯುವುದು ವಾಡಿಕೆ. ೧:೭೨ರಲ್ಲಿ ಒಂದು ಮಿಲಿಮೀಟರ್ ಅಗಲದ ಗೀರೆಂದರೆ ನಿಜವಾದ ವಿಮಾನದಲ್ಲಿ ೭.೨ ಸೆಂಟಿಮೀಟರ್, ನಾಲ್ಕು ಬೆರಳಗಲದ ಬಿರುಕು! ಅಂಥ ವಿಮಾನವನ್ನು ಹತ್ತುವ ಧೈರ್ಯ ಯಾರಿಗಿದ್ದೀತು? ಆದುದರಿಂದ ಸೂಜಿಯ ಮೊನೆಯಿಂದ, ಉಕ್ಕಿನ ಅಳತೆಪಟ್ಟಿಯ ಆಸರೆಯಲ್ಲಿ, ಉಸಿರು ಬಿಗಿಹಿಡಿದು ಗೀರಬೇಕು. ಹತ್ತರಲ್ಲಿ ಒಂಬತ್ತು ಗೆರೆ ನೇರವಾಗಿ ಬರುತ್ತವೆ. ಹತ್ತನೆಯದು, ಅದೂ ಎಲ್ಲರ ಕಣ್ಣಿಗೆ ಬೀಳುವ ಕಡೆಯಲ್ಲಿ, ಜಾರಿ ರೆಕ್ಕೆಯುದ್ದಕ್ಕೂ ಓಡುತ್ತದೆ.

ಪುಟ್ಟಿಯ ಸ್ವಭಾವ ಸಾಲಗಾರನದು. ಕೊಟ್ಟ ಮಾತಿಗೆ ನಿಲ್ಲುವುದಿಲ್ಲ. ಸಂದಿಗೆ ಸಮನಾಗಿ ತುಂಬಿದ್ದು ಬೆಳಗಾಗುವುದರೊಳಗೆ ಒಣಗಿ ಕುಗ್ಗಿರುತ್ತದೆ. ಮತ್ತೆ ತುಂಬಬೇಕು, ಮತ್ತೆ ಮರಳುಕಾಗದದಿಂದ ಉಜ್ಜಬೇಕು. ನುಣುಪಾಯಿತೆಂದು ಬೆರಳು ಸಾಕ್ಷಿ ಹೇಳುತ್ತದೆ. ಬೂದುಬಣ್ಣದ ಮೊದಲ ಲೇಪ ಬಿದ್ದೊಡನೆ ಹುಣ್ಣಿಮೆಯ ಚಂದ್ರನಂತೆ ಕಲೆಗಳೆಲ್ಲ ತೋರಿಕೊಳ್ಳುತ್ತವೆ. ಎಡಗಡೆಯ ರೆಕ್ಕೆಗೂ ಬಲಗಡೆಯದಕ್ಕೂ ಕೂದಲೆಳೆಯ ಅಂತರ ಉಳಿದರೂ ಇಡೀ ವಿಮಾನ ಒಂದು ಕಡೆಗೆ ತಲೆವಾಲಿಸಿ ನಿಂತಂತೆ ತೋರುತ್ತದೆ. ಇದಕ್ಕೆ ಅನುಭವಿಗಳ ಉಪಾಯ ಸರಳ: ಕಾಗದವನ್ನು ನಡುವೆ ಮಡಚಿ ಒಂದೇ ಬಾರಿಗೆ ಕತ್ತರಿಸಿ, ಆ ಅಚ್ಚಿನಂತೆ ಎರಡು ಕಡೆಯನ್ನೂ ಕೊರೆಯುವುದು.

ಎಲ್ಲಕ್ಕೂ ಮಿಗಿಲಾದ ಅವಮಾನ ಕೊನೆಯ ದಿನಕ್ಕಾಗಿ ಕಾದಿರುತ್ತದೆ. ಬಣ್ಣ ಒಣಗಿದೆ, ಮುಂದೊಂದು, ಹಿಂದೆರಡು ಚಕ್ರಗಳನ್ನು ಜೋಡಿಸಿ ವಿಮಾನವನ್ನು ಮೇಜಿನ ಮೇಲಿಟ್ಟರೆ, ಅದು ಮೂತಿಯನ್ನು ಮೇಲೆತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ. ಮೂತಿಯೊಳಗೆ ಭಾರ ತುಂಬಬೇಕಾಗಿತ್ತು. ಮೂತಿಯನ್ನು ಅಂಟಿಸಿ ಮುಚ್ಚಿ ಮೂರು ವಾರವಾಯಿತು. ಮನೆಯವರ ನಗುವನ್ನು ಅಡಗಿಸುವ ಯಾವ ಪುಟ್ಟಿಯೂ ಇಲ್ಲ.

ವಿನೋದವೆಲ್ಲಿ?

ಇಷ್ಟು ಕಷ್ಟವಿದ್ದರೂ ಜನರು ಇದಕ್ಕೆ ಮರುಳಾಗುವುದೇಕೆ? ಮೊದಲನೆಯ ಉತ್ತರ: ಈ ಹವ್ಯಾಸಿಗೆ ಲೋಕದ ಕಸವೆಲ್ಲ ಕಾರ್ಖಾನೆಯಾಗುತ್ತದೆ. ಬರೆದು ಮುಗಿದ ಲೇಖನಿಯ ಮುಚ್ಚಳ ಒಂದು ಸೆಂಟಿಮೀಟರ್ ದಪ್ಪವಿದ್ದರೆ ೧:೭೨ರಲ್ಲಿ ಅದು ೭೨ ಸೆಂಟಿಮೀಟರಿನ ಜೆಟ್ ಕೊಳವೆ. ನೆಗಡಿಯ ಮಾತ್ರೆಯನ್ನು ನುಂಗಿದ ಮೇಲೆ ಉಳಿಯುವ ಪಾರದರ್ಶಕ ಗುಳ್ಳೆ ಚಾಲಕನ ಮೇಲಣ ಗಾಜಿನ ಕವಚ. ಮುರಿದುಹೋದ ಮೂರು ಪ್ರತಿಕೃತಿಗಳಿಂದ ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಚಕ್ರಗಳು ಬಂದು ಸೇರುತ್ತವೆ. ೧೯೭೭ರ ‘ಸ್ಟಾರ್ ವಾರ್ಸ್’ ಚಲನಚಿತ್ರದ ಆಕಾಶನೌಕೆಗಳ ಮೈಮೇಲಿನ ಯಂತ್ರಜಾಲವನ್ನು ಕಲಾವಿದರು ಸೃಷ್ಟಿಸಿದ್ದೂ ಹೀಗೆಯೇ; ಅಂಗಡಿಯಲ್ಲಿ ಸಿಗುವ ಟ್ಯಾಂಕು ಮತ್ತು ವಿಮಾನಗಳ ಪ್ಲಾಸ್ಟಿಕ್ ಚೂರುಗಳನ್ನು ಅಂಟಿಸಿ. ಅದನ್ನು ನೋಡಿ ಬೆರಗಾದ ಕೋಟ್ಯಂತರ ಜನರಿಗೆ ತಾವು ನೋಡುತ್ತಿರುವುದು ಆಟಿಕೆಯ ತುಣುಕುಗಳೆಂಬುದು ಹೊಳೆಯಲಿಲ್ಲ.

ಎರಡನೆಯದು, ಹೆಸರಿಡುವ ಸಂಭ್ರಮ. ಒಳ್ಳೆಯ ಸುಳ್ಳಿಗೂ ವ್ಯಾಕರಣವುಂಟು. ಎಫ್-೧೯ರ ಬೆನ್ನಿಗೇ ಟೆಸ್ಟರ್ಸ್ ಸಂಸ್ಥೆಯವರು ಅದಕ್ಕೆ ಎದುರಾಳಿಯಾಗಿ ‘ಮಿಗ್-೩೭’ ಎಂಬ ಸೋವಿಯತ್ ವಿಮಾನವನ್ನು ಕಲ್ಪಿಸಿ, ‘ಫೆರೆಟ್’ ಎಂಬ ಉಪನಾಮವನ್ನಿಟ್ಟರು. ಸೋವಿಯತ್ ಯುದ್ಧವಿಮಾನಗಳ ಸಂಖ್ಯೆಗಳು ಬೆಸವಾಗಿರುವುದು ರೂಢಿ: ೧೫, ೧೭, ೧೯, ೨೧, ೨೩. ಅವುಗಳಿಗೆ ಪಾಶ್ಚಾತ್ಯ ಸೈನ್ಯಕೂಟ ಕೊಡುತ್ತಿದ್ದ ಗುಪ್ತನಾಮಗಳು ‘ಎಫ್’ ಅಕ್ಷರದಿಂದ ಮೊದಲಾಗಬೇಕು. ಜೆಟ್ ಆದರೆ ಹೆಸರಿನಲ್ಲಿ ಎರಡು ಉಚ್ಚಾರಖಂಡಗಳಿರಬೇಕು: ಫಿಷ್‌ಬೆಡ್, ಫ್ಲಾಗರ್, ಫಾಕ್ಸ್‌ಬ್ಯಾಟ್. ಇಲ್ಲದ ವಿಮಾನಕ್ಕೆ ಹೆಸರಿಟ್ಟವರು ಇದೊಂದು ನಿಯಮವನ್ನೂ ಮೀರಲಿಲ್ಲ. ಕುಲಗೋತ್ರಗಳೆಲ್ಲ ಸರಿಯಾಗಿ ಹೇಳುವ ಅಪರಿಚಿತನನ್ನು ಯಾರು ತಾನೆ ಅನುಮಾನಿಸುತ್ತಾರೆ?

ಮೂರನೆಯದು, ಕಥೆ ಕಟ್ಟುವ ಸುಖ. ಬಣ್ಣ ಬಳಿಯುವ ಮುನ್ನ ಈ ವಿಮಾನ ಯಾವ ದೇಶದ್ದು, ಯಾವ ಹವೆಯಲ್ಲಿ ಹಾರಿತು, ಮರಳುಗಾಡಿನಲ್ಲೋ ಕಡಲತಡಿಯಲ್ಲೋ ಎಂಬುದನ್ನು ನಿಶ್ಚಯಿಸಬೇಕು. ಮರಳುಗಾಡಿನದಾದರೆ ಬಣ್ಣ ಬಿಸಿಲಿಗೆ ಮಾಸಿರಬೇಕು. ಕಡಲಿನದಾದರೆ ಉಪ್ಪಿನ ಗಾಳಿಗೆ ತುಕ್ಕು ಇಳಿದಿರಬೇಕು. ಅಪ್ಪಟ ಕಪ್ಪು ಬಣ್ಣ ಪುಟ್ಟ ವಸ್ತುವಿನ ಮೇಲೆ ಮಸಿಯ ಮುದ್ದೆಯಂತೆ ಕಾಣುವುದರಿಂದ, ಬಲ್ಲವರು ಕಪ್ಪಿನ ಬದಲು ಗಾಢವಾದ ಬೂದುಬಣ್ಣವನ್ನು ಬಳಸುತ್ತಾರೆ. ದೂರದ ವಸ್ತುವಿನ ಬಣ್ಣವನ್ನು ಗಾಳಿ ತಿಳಿಯಾಗಿಸುತ್ತದಲ್ಲವೆ, ಆ ನ್ಯಾಯದಂತೆ. ಕೊನೆಗೆ ನೀರಿನಲ್ಲಿ ನೆನೆಸಿ ಜಾರಿಸುವ ಅಂಟುಚೀಟಿಯಿಂದ ‘ಇಲ್ಲಿ ಕಾಲಿಡಬಾರದು’ ಎಂಬ ಸೂಚನೆಯನ್ನು ರೆಕ್ಕೆಯ ಮೇಲೆ ಅಂಟಿಸಿದಾಗ, ಯಾರೂ ಕಾಲಿಡಲಾರದ ಆ ಗೇಣುದ್ದದ ರೆಕ್ಕೆಗೆ ಒಮ್ಮೆಲೇ ಪ್ರಾಣ ಬರುತ್ತದೆ.

ತೆರೆ ಸರಿದಾಗ

ಎಫ್-೧೯ರ ಕಥೆಗೆ ಇನ್ನೊಂದು ಅಂಕವಿದೆ. ಆ ಕಪ್ಪು ಪ್ರತಿಕೃತಿ ಅಂಗಡಿಯ ಕಿಟಕಿಗಳಲ್ಲಿ ಮೆರೆಯುತ್ತಿದ್ದ ಕಾಲದಲ್ಲಿಯೇ, ನೆವಾಡದ ಮರುಭೂಮಿಯಲ್ಲಿ, ನಿಜವಾದ ಅದೃಶ್ಯ ವಿಮಾನವು ರಾತ್ರಿಯ ಕತ್ತಲಲ್ಲಿ ಹಾರುತ್ತಿತ್ತು. ಲಾಕ್‌ಹೀಡ್ ಸಂಸ್ಥೆಯ ಆ ವಿಮಾನ ೧೯೮೧ರ ಜೂನ್ ೧೮ರಂದೇ ಮೊದಲು ಹಾರಿತ್ತು. ೧೯೮೬ರ ಜುಲೈ ೧೧ರಂದು ಅವುಗಳಲ್ಲೊಂದು ಕ್ಯಾಲಿಫೋರ್ನಿಯದ ಬೇಕರ್ಸ್‌ಫೀಲ್ಡ್ ಸಮೀಪದ ಬೆಟ್ಟಗಳಲ್ಲಿ ಅಪ್ಪಳಿಸಿ, ಚಾಲಕ ಮೇಜರ್ ರಾಸ್ ಮಲ್ಹೇರ್ ಅಸುನೀಗಿದರು. ಯಾವ ವಿಮಾನ ಬಿತ್ತೆಂಬುದನ್ನು ಸರ್ಕಾರ ಹೇಳಲಿಲ್ಲ, ಹೇಳುವಂತಿರಲಿಲ್ಲ. ಒಂದು ಕಡೆ ಇಲ್ಲದ ವಿಮಾನವನ್ನು ಮಕ್ಕಳು ಹೆಸರಿಡಿದು ಕರೆಯುತ್ತಿದ್ದರು. ಇನ್ನೊಂದು ಕಡೆ ಇರುವ ವಿಮಾನದಲ್ಲಿ ಪ್ರಾಣ ತೆತ್ತವರಿಗೆ ತಾವು ಹಾರಿಸುತ್ತಿದ್ದುದರ ಹೆಸರನ್ನು ಹೇಳುವ ಹಕ್ಕೂ ಇರಲಿಲ್ಲ.

೧೯೮೮ರ ನವೆಂಬರ್ ೧೦ರಂದು ಅಮೆರಿಕದ ರಕ್ಷಣಾ ಇಲಾಖೆ ಮಬ್ಬಾದ ಒಂದೇ ಒಂದು ಛಾಯಾಚಿತ್ರವನ್ನು ಹೊರಬಿಟ್ಟಿತು. ಅದರ ಹೆಸರು ಎಫ್-೧೯ ಅಲ್ಲ, ಎಫ್-೧೧೭. ರೂಪವೋ, ಯಾರೂ ಊಹಿಸದಂಥದು! ಬಾಗುವಿಕೆಯ ಸುಳಿವೇ ಇಲ್ಲ. ಕೊಡಲಿಯಿಂದ ಕೆತ್ತಿ ಬಿಟ್ಟಂತೆ ಎಲ್ಲವೂ ಚಪ್ಪಟೆ ಮುಖಗಳು, ಎಲ್ಲವೂ ಚೂಪು ಅಂಚುಗಳು. ಒಳಕ್ಕೆ ವಾಲುವುದರ ಬದಲು ಬಾಲರೆಕ್ಕೆಗಳು ಹೊರಕ್ಕೆ ಚಾಚಿದ್ದವು. ಆಂಡ್ರೂಸರ ನುಣುಪಾದ ತಿರಕೆ ಮೀನಿಗೂ ಇದಕ್ಕೂ ಕಪ್ಪು ಬಣ್ಣವೊಂದನ್ನು ಬಿಟ್ಟರೆ ನಂಟೇ ಕಾಣಲಿಲ್ಲ.

ನಿಜವಾದ ವಿಮಾನ ಹಾಗೇಕಿತ್ತು? ಅದರ ರಹಸ್ಯ ಗಣಿತದಲ್ಲಿತ್ತು. ಚಪ್ಪಟೆಯಾದ ಕನ್ನಡಿ ಬೆಳಕನ್ನು ಒಂದು ದಿಕ್ಕಿಗೆ ಮಾತ್ರ ಎಸೆಯುವಂತೆ, ಓರೆಯಾಗಿಟ್ಟ ಚಪ್ಪಟೆ ತಗಡು ರಾಡಾರಿನ ಅಲೆಯನ್ನು ಬೇರೆಲ್ಲಿಗೋ ಎಸೆದುಬಿಡುತ್ತದೆ. ಮಾಸ್ಕೋದ ವಿಜ್ಞಾನಿ ಪ್ಯೋತರ್ ಉಫಿಮ್ತ್ಸೆವ್ ೧೯೬೨ರಲ್ಲಿ ಪ್ರಕಟಿಸಿದ ಗ್ರಂಥವೊಂದು ಅಂಚುಗಳಿಂದ ಅಲೆಗಳು ಚದರುವ ಬಗೆಯನ್ನು ವಿವರಿಸಿತ್ತು. ಅದನ್ನು ಆಧಾರವಾಗಿಟ್ಟುಕೊಂಡು ಲಾಕ್‌ಹೀಡ್‌ನ ಡೆನಿಸ್ ಓವರ್‌ಹೋಲ್ಸರ್ ಮತ್ತು ಸಂಗಡಿಗರು ೧೯೭೦ರ ದಶಕದಲ್ಲಿ ಲೆಕ್ಕ ಹಾಕಿದರು. ಆ ಕಾಲದ ಗಣಕಯಂತ್ರಗಳಿಗೆ ಚಪ್ಪಟೆ ಮುಖಗಳ ಲೆಕ್ಕ ಸಾಧ್ಯವಿತ್ತು. ಬಾಗಿದ ಮೈಯ ಲೆಕ್ಕ ನಿಲುಕದ್ದಾಗಿತ್ತು. ಲೆಕ್ಕಕ್ಕೆ ಸಿಕ್ಕಿದ ಆಕಾರವನ್ನೇ ಅವರು ಕಟ್ಟಿದರು. ಹೀಗೆ ನಿಜವು ಕಲ್ಪನೆಗಿಂತ ವಿಚಿತ್ರವಾಯಿತು.

ಹಾಗಾದರೆ ಆಂಡ್ರೂಸರು ಸೋತರೆ? ಪೂರ್ತಿಯಾಗಿ ಅಲ್ಲ. ಅದೇ ತಿಂಗಳ ೨೨ರಂದು ಬಿ-೨ ಎಂಬ ಇನ್ನೊಂದು ರಾಡಾರ್-ವಂಚಕ ವಿಮಾನವನ್ನು ಲೋಕಕ್ಕೆ ತೋರಿಸಿದರು. ಅದರ ಮೈ ನುಣುಪಾಗಿ ಬಾಗಿತ್ತು! ಗಣಕಯಂತ್ರಗಳು ಬಲಿತಂತೆ ಬಾಗಿದ ಮೈಯ ಲೆಕ್ಕವೂ ವಶವಾಗಿತ್ತು. ಒಂದು ನಿರ್ದಿಷ್ಟ ವಿಮಾನದ ಬಗೆಗೆ ತಪ್ಪಿದ ಊಹೆ, ತತ್ವದಲ್ಲಿ ಬುಡವಿಲ್ಲದ್ದಾಗಿರಲಿಲ್ಲ. ಇನ್ನೂ ಸೋಜಿಗವೆಂದರೆ, ಎಫ್-೧೧೭ ಬೆಳಕಿಗೆ ಬರುವ ಮುನ್ನವೇ ಕಲ್ಪಿತವಾದ ಆ ‘ಮಿಗ್-೩೭’ರ ಮೈ ಚಪ್ಪಟೆ ಮುಖಗಳಿಂದ ಕೂಡಿತ್ತು. ಎಫ್-೧೧೭ಕ್ಕೆ ಎಫ್-೧೯ಕ್ಕಿಂತ ಆ ಕಲ್ಪಿತ ಶತ್ರುವೇ ಹೆಚ್ಚು ಹತ್ತಿರದ ನೆಂಟನಾಗಿ ತೋರಿತು.

ಬೆಂಗಳೂರಿನಲ್ಲಿ ಮರದ ವಿಮಾನ

ಕಲ್ಪನೆಯ ಪ್ರತಿಕೃತಿ ಕೇವಲ ಆಟದ ಮಾತೆಂದು ತಿಳಿಯುವವರಿಗೆ ಬೆಂಗಳೂರಿನ ಉದಾಹರಣೆಯೇ ಸಾಕು. ಜರ್ಮನಿಯ ಪ್ರಖ್ಯಾತ ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್ ಅವರ ಸಂಸ್ಥೆ ಯುದ್ಧದ ಕೊನೆಯ ದಿನಗಳಲ್ಲಿ ‘ಟಿಎ-೧೮೩’ ಎಂಬ ಜೆಟ್ ವಿಮಾನವನ್ನು ಯೋಜಿಸಿತ್ತು. ೧೯೪೫ರಲ್ಲಿ ಯುದ್ಧ ಮುಗಿಯುವ ವೇಳೆಗೆ ಅದು ನಕ್ಷೆಗಳನ್ನೂ ಗಾಳಿಸುರಂಗದ ಮಾದರಿಗಳನ್ನೂ ದಾಟಿರಲಿಲ್ಲ. ಹಾರದೆ ಉಳಿದ ಆ ವಿಮಾನ ಇಂದಿಗೂ ಪ್ರತಿಕೃತಿಕಾರರ ಅಚ್ಚುಮೆಚ್ಚು. ಅದರ ಪ್ಲಾಸ್ಟಿಕ್ ಪೆಟ್ಟಿಗೆಗಳು ಅಂಗಡಿಗಳಿಗೆ ಬಂದಿವೆ. ಟ್ಯಾಂಕ್ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಅರ್ಜೆಂಟೀನಕ್ಕೆ ಹೋಗಿ ಅದೇ ಜಾಡಿನ ‘ಪುಲ್ಕಿ-೨’ ವಿಮಾನವನ್ನು ೧೯೫೦ರಲ್ಲಿ ಹಾರಿಸಿದರು. ೧೯೫೬ರಲ್ಲಿ ಬೆಂಗಳೂರಿಗೆ ಬಂದು ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಭಾರತದ ಮೊದಲ ಜೆಟ್ ಯುದ್ಧವಿಮಾನದ ಕೆಲಸಕ್ಕೆ ತೊಡಗಿದರು. ಅದೇ ಎಚ್ಎಫ್-೨೪, ‘ಮಾರುತ’.

ಆಗಿನ್ನೂ ‘ಮಾರುತ’ ಎಂಬ ವಿಮಾನ ಇರಲಿಲ್ಲ. ಇಲ್ಲದ ಆ ವಿಮಾನದ ಗುಣದೋಷಗಳನ್ನು ಅರಿಯುವ ಬಗೆ ಹೇಗೆ? ಕಾರ್ಖಾನೆಯವರು ಅದರ ಪ್ರತಿಕೃತಿಯನ್ನು ಮೊದಲು ಕಟ್ಟಿದರು. ೧:೭೨ರ ಪ್ರಮಾಣದಲ್ಲಲ್ಲ, ೧:೧ರಲ್ಲಿ! ಎಂಜಿನ್ನಿಲ್ಲದ, ಪೂರ್ಣ ಗಾತ್ರದ, ಮರದ ಗಾಳಿತೇಲು ವಿಮಾನ. ೧೯೫೯ರಲ್ಲಿ ಡಕೋಟ ವಿಮಾನವೊಂದು ಅದನ್ನು ಹಗ್ಗದಿಂದ ಬಾನಿಗೆ ಎಳೆದೊಯ್ದು ಬಿಟ್ಟಿತು. ಮೂಲಕೃತಿ ಹುಟ್ಟುವ ಮುನ್ನವೇ ಪ್ರತಿಕೃತಿ ಹಾರಿತು. ೧೯೬೧ರ ಜೂನ್ ೧೭ರಂದು ಸುರಂಜನ್ ದಾಸ್ ಅವರು ನಿಜವಾದ ‘ಮಾರುತ’ವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ೧೪೭ ವಿಮಾನಗಳು ತಯಾರಾದವು, ೧೯೭೧ರ ಯುದ್ಧದಲ್ಲಿ ಅವು ಸೇವೆ ಸಲ್ಲಿಸಿದವು, ೧೯೯೦ರಲ್ಲಿ ನಿವೃತ್ತವಾದವು. ಬೆಂಗಳೂರಿನ ಎಚ್ಎಎಲ್ ವಸ್ತುಸಂಗ್ರಹಾಲಯದಲ್ಲಿ ಒಂದು ‘ಮಾರುತ’ವನ್ನು ಪ್ರದರ್ಶನಕ್ಕಿರಿಸಲಾಗಿದೆ.

‘ಮಾರುತ’ದ ಕೊರಗೂ ಒಂದಿತ್ತು. ಅದರ ಮೈಕಟ್ಟಿಗೆ ತಕ್ಕಷ್ಟು ಬಲಶಾಲಿಯಾದ ಎಂಜಿನ್ ಕೊನೆಯವರೆಗೂ ದೊರೆಯಲಿಲ್ಲ. ಪ್ರತಿಕೃತಿಕಾರರಲ್ಲಿ ‘ಹೀಗಾಗಿದ್ದರೆ’ ಎಂಬುದೇ ಒಂದು ಪಂಥ. ನಡೆಯದ ಚರಿತ್ರೆಯ ವಿಮಾನಗಳನ್ನು ಕಟ್ಟುವುದು ಅವರ ವಾಡಿಕೆ. ತಕ್ಕ ಎಂಜಿನ್ ದೊರೆತಿದ್ದ ‘ಮಾರುತ’ ಹೇಗೆ ಕಾಣುತ್ತಿತ್ತು? ಬಾಲದ ಕೊಳವೆಗಳು ಎಷ್ಟು ದಪ್ಪವಾಗಬೇಕಿತ್ತು, ಗಾಳಿಯ ಬಾಯಿಗಳು ಎಷ್ಟು ಹಿಗ್ಗಬೇಕಿತ್ತು? ಕನ್ನಡ ನಾಡಿನ ಹವ್ಯಾಸಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಹೃದಯಕ್ಕೆ ತಟ್ಟುವ ವಸ್ತು ಇನ್ನೊಂದಿರಲಾರದು.

ಸುಳ್ಳಿಗೂ ಇರುವ ಸತ್ಯ

೧೯೭೦ರ ಜನವರಿ ೧೦ರಂದು ಸುರಂಜನ್ ದಾಸ್ ಅವರು ‘ಮಾರುತ’ದ ಪರೀಕ್ಷಾ ಹಾರಾಟವೊಂದರಲ್ಲಿಯೇ ಮಡಿದರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. ನಿಜವಾದ ವಿಮಾನಕ್ಕೂ ಪ್ರತಿಕೃತಿಗೂ ಇರುವ ಅಂತರ ಇದೇ. ಪ್ರತಿಕೃತಿಯ ಒಳಗೆ ಕುಳಿತವನು ಪ್ಲಾಸ್ಟಿಕ್ ಮನುಷ್ಯ. ಲೆಕ್ಕ ತಪ್ಪಿದರೆ ಅವನಿಗೆ ನೋವಿಲ್ಲ, ಅವನಿಗಾಗಿ ಅಳುವವರಿಲ್ಲ. ಹಾಗಿರುವಾಗ ಅವನ ಮೊಳಕಾಲಿಗೆ ಎಡೆಯಿದೆಯೇ, ಅವನ ಎಂಜಿನ್ ಉಸಿರಾಡೀತೇ ಎಂದು ಹವ್ಯಾಸಿ ರಾತ್ರಿಯೆಲ್ಲ ತಲೆಕೆಡಿಸಿಕೊಳ್ಳುವುದೇಕೆ?

ಹಾರುವ ವಿಮಾನಗಳೆಲ್ಲ ಒಂದು ಕಾಲಕ್ಕೆ ಇಲ್ಲದ ವಿಮಾನಗಳೇ ಆಗಿದ್ದವು. ಯಾರದೋ ಮೇಜಿನ ಮೇಲೆ, ಮರದ ತುಂಡಿನಲ್ಲಿ, ಅವು ಮೊದಲು ಮೂಡಿದವು. ಆಗ ಅವುಗಳ ಸರಿತಪ್ಪುಗಳನ್ನು ಹೇಳಲು ಮೂಲವಿರಲಿಲ್ಲ. ಕಟ್ಟುವವನ ವಿವೇಕವೊಂದೇ ಇತ್ತು. ಆ ವಿವೇಕಕ್ಕೆ ಒಬ್ಬ ಮನುಷ್ಯ ತನ್ನ ಜೀವವನ್ನು ಒಪ್ಪಿಸುವ ದಿನ ಆಮೇಲೆ ಬಂತು. ಮನೆಯ ಮೇಜಿನ ಮೇಲಣ ಹವ್ಯಾಸಿಯ ವಿಮಾನಕ್ಕೆ ಆ ದಿನ ಎಂದೂ ಬಾರದು. ಆದರೂ ಬಂದೀತೆಂಬಂತೆ ಕಟ್ಟುವವನೇ ಈ ಕಲೆಯಲ್ಲಿ ಗೆಲ್ಲುವವನು. ಕಲ್ಪನೆಗೆ ಕಡಿವಾಣವಿಲ್ಲವೆಂದು ಹೊರಟವನ ಕೈಯಲ್ಲಿ ವಿಕಾರವಾದ ಪ್ಲಾಸ್ಟಿಕ್ ಮುದ್ದೆ ಉಳಿಯುತ್ತದೆ. ಪ್ರತಿಯೊಂದು ಗೆರೆಗೂ ‘ಏಕೆ?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿಟ್ಟುಕೊಂಡವನ ಕೈಯಲ್ಲಿ, ಎಂದೂ ಇಲ್ಲದಿದ್ದ ವಿಮಾನವೊಂದು, ಇದ್ದಿರಲೂಬಹುದೆಂಬ ಭ್ರಮೆಯನ್ನು ಹುಟ್ಟಿಸಿ ನಿಲ್ಲುತ್ತದೆ.

ನೋಡಿದವರು ‘ಇದು ಯಾವ ದೇಶದ ವಿಮಾನ? ಎಲ್ಲಿ ಹಾರುತ್ತದೆ?’ ಎಂದು ಕೇಳಿದರೆ ಅದಕ್ಕಿಂತ ದೊಡ್ಡ ಬಹುಮಾನ ಬೇರಿಲ್ಲ. ಮೂತಿಯೊಳಗೆ ಭಾರ ತುಂಬುವುದನ್ನು ಮಾತ್ರ ಮರೆಯಬಾರದು.